ಬಾವಿಯ ಹತ್ತಿರ ಮಗುವಿನ ತೂಕ ಕೇಳಿದವಳು

ದನಿ ಸಣ್ಣದು ಮಾಡಿ... ಇದು ಕಟ್ಟುಕತೆ ಅಲ್ಲ. ನಮ್ಮ ಪಕ್ಕದ ಮನೆ ದರ್ಜಿ ಅಕ್ಕನಿಗೆ ಆದದ್ದು.

ಅವತ್ತು ರಾತ್ರಿ ಆಸ್ಪತ್ರೆಯಿಂದ ಒಬ್ಬಳೇ ಮನೆಗೆ ಬರ್ತಿದ್ದಳು. ಆಸ್ಪತ್ರೆ ಹಿಂದಿನ ಗಲ್ಲಿಯಲ್ಲಿ ಒಂದು ಹಾಳುಬಾವಿ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದರು. ಅಕ್ಕನಿಗೆ ಅದರ ಕಡೆ ಗಮನವೇ ಇಲ್ಲ. ಸಿಟ್ಟಿಗೆ ಮೈಯೆಲ್ಲ ಕುದೀತಿತ್ತು. ಸುಮ್ಮನೆ ಒಣಮೆಣಸಿನಕಾಯಿ ಅಂತ ಹೆಸರಿಟ್ಟಿರಲಿಲ್ಲ ಅವಳಿಗೆ... ಬೆನ್ನ ಹಿಂದೆ ಅಂತಿದ್ದರು, ಎದುರಿಗೆ ಅನ್ನೋ ಧೈರ್ಯ ಯಾರಿಗಿತ್ತು?

ಅವಳ ತಂಗಿಗೆ ದಿನ ತುಂಬೋ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಅಂಗೈಯಲ್ಲಿ ಹಿಡಿಸೋವಷ್ಟು. ಐಸಿಯುನ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಯಾವ ಟೋಪಿ ಹಾಕಿದರೂ ಕಣ್ಣಿನ ಮೇಲೆ ಜಾರೋದು. ಅಕ್ಕನೇ ಬನಿಯನ್ ತೋಳು ಕತ್ತರಿಸಿ ಒಂದು ಹೊಲಿದು ಕೊಟ್ಟಳು. ಮೂಗಿನ ನಳಿಗೆಯಲ್ಲಿ ಹಾಲು ಇಳೀತಿತ್ತು. ತೂಕ ಚೂರುಚೂರೇ ಏರ್ತಿತ್ತು.

ಆದರೆ ನೋಡೋಕೆ ಬಂದವರದೆಲ್ಲ ಒಂದೇ ರಾಗ. "ಹೋಗ್ಲಿ ಬಿಡಮ್ಮ, ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ." ಅವತ್ತು ಸಂಜೆ ಸ್ವಂತ ಸೋದರಮಾವನೇ ಬಾಣಂತಿ ಮುಂದೆ ಹಾಗಂದ.

"ಹೋಗ್ಲಿ ಅನ್ನೋಕೆ ಅದೇನು ಹರಿದ ಚಪ್ಪಲಿನಾ, ಮಾವ?" ಅಂತ ಅಕ್ಕ ಬಾಗಿಲು ತೋರಿಸಿದ್ದಳು. ಆ ಸಿಟ್ಟಲ್ಲೇ ನಡೀತಿದ್ದಾಗ...

"ಮಗು ಹೇಗಿದೆ?"

ಹೆಂಗಸಿನ ದನಿ. ಬಾವಿ ಕಡೆಯಿಂದ. ಯಾರೋ ರೋಗಿ ಕಡೆಯವಳು ಇರಬೇಕು ಅಂದುಕೊಂಡಳು.

"ಪರವಾಗಿಲ್ಲ."

"ತೂಕ ಎಷ್ಟು?"

ಹೇಳಿದಳು. ಆ ಕಡೆಯಿಂದ ಒಂದು ನಿಟ್ಟುಸಿರು... ಅಷ್ಟೇ.

ಮಾರನೆ ದಿನ ಬೆಳಿಗ್ಗೆ ಮಗುವಿನ ತೂಕ ಇಳಿದಿತ್ತು. ಮಧ್ಯಾಹ್ನ ಉಸಿರಾಡೋದನ್ನೇ ಮರೀತು. ಮೈ ನೀಲಿ. ಸಿಸ್ಟರ್ ಅಂಗಾಲು ತಟ್ಟಿ ತಟ್ಟಿ ಎಚ್ಚರಿಸಿದರೂ ಮತ್ತೆ ಮರೀತಿತ್ತು. ಕೊನೆಗೆ ಉಸಿರಿನ ಮಷಿನ್‌ಗೆ ಹಾಕಿದರು. "ಇವತ್ತು ರಾತ್ರಿ ಕಳೀಲಿ, ಆಮೇಲೆ ನೋಡೋಣ" ಅಂದರು ಡಾಕ್ಟರ್. ತಂಗಿ ಅಳಲೂ ಇಲ್ಲ. ಗೋಡೆ ನೋಡ್ತಾ ಕೂತಳು.

ತಂಗಿಗೆ ಬದಲಿ ಬಟ್ಟೆ ತರೋಕೆ ಅಕ್ಕ ರಾತ್ರಿ ಮತ್ತೆ ಅದೇ ಗಲ್ಲಿಗೆ ಬಂದಳು.

ಕಿರ್ರ್... ಕಿರ್ರ್... ಬಾವಿಗೆ ಕೊಡ ಇಳಿಬಿಡೋ ರಾಟೆಯ ಸದ್ದು. ಆ ಬಾವಿಗೆ ರಾಟೆ ಇಲ್ಲ. ಆಮೇಲೆ ತಳದಲ್ಲಿ... ಗುಳುಕ್.

"ಇವತ್ತು ಇಳೀತಲ್ಲ?" ಪಿಸುಮಾತು. ಈ ಸಲ ಕಿವಿ ಪಕ್ಕದಲ್ಲೇ. "ಹೋಗ್ಲಿ ಬಿಡು. ನನಗೆ ಕೊಟ್ಟುಬಿಡು..."

ನಾನಾಗಿದ್ರೆ ಅಲ್ಲೇ ಕುಸಿದುಬೀಳ್ತಿದ್ದೆ. ಆದರೆ ಅಕ್ಕನ ಕಿವಿಗೆ 'ಬಿಡು' ಅನ್ನೋ ಮಾತು ಬಿತ್ತು ನೋಡಿ... ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಯಾರೇ ನೀನು, ಬಿಡು ಅನ್ನೋಕೆ? ನಿಮ್ಮಪ್ಪನ ಮನೆ ಗಂಟಾ ಅದು?" ಕಾಲಿನ ಚಪ್ಪಲಿ ತೆಗೆದು ಜಾಲರಿಗೆ ಬಾರಿಸಿದಳು. ಢಣ್! ಢಣ್! "ಅದು ನಮ್ಮ ಮಗು ಕಣೇ! ಅದರ ತೂಕ ಕೇಳೋ ಅಧಿಕಾರ ನಿನಗೆ ಯಾರು ಕೊಟ್ಟೋರು? ಇನ್ನೊಂದು ಸಲ ಬಾಯಿ ಬಿಟ್ಟರೆ ಬಾವಿಗೇ ಇಳಿದು ಬಂದು ನಿನ್ನ ಜುಟ್ಟು ಹಿಡೀತೀನಿ!"

ರಾಟೆ ಸದ್ದು ನಿಂತಿತು. ಗಲ್ಲಿಯಲ್ಲಿ ಅವಳ ಏದುಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಒಂದೇ ಕಾಲಿಗೆ ಚಪ್ಪಲಿ, ಹಾಗೇ ಆಸ್ಪತ್ರೆಗೆ ಓಡಿದಳು.

ಮಗು ಉಳೀತು. ಮಷಿನ್ ತೆಗೆದರು, ನಳಿಗೆ ತೆಗೆದರು, ತಾಯಿ ಎದೆಗೆ ಹಾಕಿದರು. ಈಗ ಬೀದಿಯಲ್ಲಿ ಆಡ್ಕೊಂಡಿದೆ. ಬಾಯಿ ಥೇಟ್ ದೊಡ್ಡಮ್ಮನದೇ.

ಬಾವಿ ಸದ್ದು ನಿಮ್ಮ ಭ್ರಮೆ ಅಂತ ನಾನೂ ಅಕ್ಕನಿಗೆ ಅಂದಿದ್ದೆ. ಆಮೇಲೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಸಿಕ್ಕಿದರು. ಅಕ್ಕ ಓಡಿ ಬರೋ ಸ್ವಲ್ಪ ಮುಂಚೆ ಆ ಮಗು ಜೋರಾಗಿ ಕಿರುಚಿ ಅತ್ತಿತಂತೆ. ಕಾರಿಡಾರಲ್ಲಿ ಮಲಗಿದ್ದವರೂ ಎದ್ದು ಕೂತರಂತೆ.

"ಅದರಲ್ಲೇನಿದೆ ಸಿಸ್ಟರ್, ಮಗು ಅಂದ ಮೇಲೆ ಅಳುತ್ತೆ" ಅಂದೆ.

ಅವರು ತಲೆ ಅಲ್ಲಾಡಿಸಿದರು. "ಮಷಿನ್‌ನ ನಳಿಗೆ ಗಂಟಲೊಳಗೆ ಇದ್ದರೆ ದನಿ ಹೊರಡೋಲ್ಲಪ್ಪ. ಮಗು ಬಾಯಿ ತೆರೆಯುತ್ತೆ, ಸದ್ದು ಬರೋಲ್ಲ. ನಾನು ಓಡಿ ಹೋಗಿ ನೋಡಿದೆ..."

ನಳಿಗೆ ಇದ್ದ ಜಾಗದಲ್ಲೇ ಇತ್ತಂತೆ. ಆ ಅಳು ಕೇಳಿದವರು ಇನ್ನೂ ಇದ್ದಾರೆ, ಬೇಕಾದರೆ ಹೋಗಿ ಕೇಳಿ.