ಎಣ್ಣೆ ಹಾಕಿದ ಬಾಗಿಲು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಮೇಷ್ಟ್ರ ಶ್ರೀಮತಿ, ನಮ್ಮ ಅತ್ತಿಗೆಯವರಿಗೆ, ಅವರ ಮಗಳಿಗೆ, ಮತ್ತು — ಅಕ್ಕಾ, ವಿಶೇಷವಾಗಿ ನಿಮಗೆ — ನಮಸ್ಕಾರ. ನಾನು ಸಿನಿಮಾ ಎಡಿಟರ್. ಬೇರೆಯವರ ಮಾತು ಕತ್ತರಿಸಿ ಅಭ್ಯಾಸವೇ ಹೊರತು, ನಾನೇ ನಿಂತು ಮಾತಾಡಿ ಅಭ್ಯಾಸವಿಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಸೌಂಡ್ ಮೇಷ್ಟ್ರ ಜೊತೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ಆರು ದೆವ್ವದ ಸಿನಿಮಾ. ದೆವ್ವ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ದೆವ್ವ ಎಲ್ಲಿದೆಯಯ್ಯಾ? ಎಲ್ಲಾ ಮನಸ್ಸಿನೊಳಗಿನ ಭಯ" ಅನ್ನೋರು. ಆರರಲ್ಲೂ ಪಾಳುಬಿದ್ದ ಹುಚ್ಚಾಸ್ಪತ್ರೆ, ಆರರಲ್ಲೂ ಯಾರೋ ಟಾರ್ಚ್ ಹಿಡಿದು ಒಳಗೆ ಹೋಗೋದು, ಆರರಲ್ಲೂ ಬಾಗಿಲು — ಕಿರ್ರ್‌ರ್! ಆ ಸದ್ದಿಗೆಂದೇ ಗುಜರಿಯಿಂದ ಹನ್ನೊಂದು ಬಾಗಿಲು ತಂದು, ಚೌಕಟ್ಟಿನ ಸಮೇತ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದ್ದರು. ಒಮ್ಮೆ ಕಿಟಕಿಯ ಪರದೆ ಸರಿಯೋ ದೃಶ್ಯಕ್ಕೂ ಕಿರ್ರ್ ಸೇರಿಸಿಬಿಟ್ಟರು. "ಮೇಷ್ಟ್ರೇ, ಬಟ್ಟೆ ಎಲ್ಲಾದ್ರೂ ಹೀಗೆ ಕಿರುಗುಟ್ಟುತ್ತಾ?" ಅಂದೆ. "ಹೆದರಿದ್ಯಾ ಇಲ್ವಾ?" "ಹೆದರಿದೆ." "ಹಾಗಾದ್ರೆ ಬಾಯ್ಮುಚ್ಕೊಂಡು ಕತ್ತರಿ ಹಾಕು!"

ಆದರೆ ಊರನ್ನೆಲ್ಲ ಹೆದರಿಸಿದ ಮೇಷ್ಟ್ರಿಗೇ ಒಂದು ಹೆದರಿಕೆ ಇತ್ತು. ಅವರ ಅಕ್ಕನನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ. ಅಕ್ಕ ಹರೆಯದಲ್ಲಿ ನಾಲ್ಕು ವರ್ಷ ಅಂಥ ಆಸ್ಪತ್ರೆಯಲ್ಲಿದ್ದವರು. ಪ್ರತಿ ಭಾನುವಾರ ತಾಯಿಯ ಜೊತೆ ಹೋಗುತ್ತಿದ್ದ ತಮ್ಮ, ಅಂದರೆ ನಮ್ಮ ಮೇಷ್ಟ್ರು, ಗೇಟು ದಾಟಲಿಲ್ಲ — ಒಂದೇ ಒಂದು ಸಲವೂ ದಾಟಲಿಲ್ಲ. ಹೊರಗೆ ನಿಂತು ಊಹಿಸಿಕೊಂಡದ್ದನ್ನೆಲ್ಲ ಮುಂದೆ ಸಿನಿಮಾಗಳಿಗೆ ತುಂಬಿದರು. ಮನೆಯಲ್ಲಿ ಅಕ್ಕನಿಗೆ ಮಾತ್ರ, ಸೋಪಿನ ಜಾಹೀರಾತಿಗೆ ಸದ್ದು ಕೊಡುತ್ತೇನೆ ಅಂತ ಸುಳ್ಳು. ಅತ್ತಿಗೆಯವರೂ ಆ ಸುಳ್ಳಿಗೆ ಜೊತೆಯಾಗಬೇಕಾಯಿತು. ನನ್ನ ಕಷ್ಟವನ್ನೇ ಮಾರಿಕೊಂಡೆಯಲ್ಲೋ ಅಂತ ಅಕ್ಕ ಕೇಳಿಬಿಟ್ಟರೆ? ಆ ಯೋಚನೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಹೋದ ವರ್ಷ, ಆರನೆಯ ಸಿನಿಮಾದ ಕೆಲಸ. ಮೇಷ್ಟ್ರು ಊಟದ ಡಬ್ಬಿ ಮರೆತು ಬಂದಿದ್ದರು. ಅಕ್ಕ ಅದನ್ನು ತಗೊಂಡು ಸೀದಾ ಸ್ಟುಡಿಯೋಗೇ ಬಂದುಬಿಟ್ಟರು. ಪರದೆ ಮೇಲೆ ಆಸ್ಪತ್ರೆಯ ವಾರ್ಡು! ಮೇಷ್ಟ್ರು ಎರಡೂ ಕೈ ಅಗಲಿಸಿ — ಹೀಗೆ — ಪರದೆಗೆ ಅಡ್ಡ ನಿಂತರು. ಅಕ್ಕ ಕುರ್ಚಿ ಎಳೆದುಕೊಂಡು ಕೂತರು. "ಸರ್ಕೊಳೋ. ನೋಡ್ತೀನಿ."

ಹತ್ತು ನಿಮಿಷ ನೋಡಿದರು. ಆಮೇಲೆ ಕೇಳಿದರು:

"ಈ ಬಾಗಿಲ್ಯಾಕೋ ಇಷ್ಟು ಅರಚತ್ತೆ? ಅಲ್ಲಿ ವಾರಕ್ಕೊಂದ್ಸಲ ಎಣ್ಣೆ ಹಾಕೋರು. ಬೆನ್ನ ಹಿಂದೆ ಯಾರು ಬಂದು ನಿಂತ್ರೂ ಗೊತ್ತಾಗ್ತಿರ್ಲಿಲ್ಲ. ಹೀಗೆ ಕಿರ್ ಅಂದಿದ್ರೆ ಎಷ್ಟೋ ಧೈರ್ಯ ಇರ್ತಿತ್ತು ನಮಗೆ."

ಮೇಷ್ಟ್ರು ನೆಲದ ಮೇಲೇ ಕೂತುಬಿಟ್ಟರು. "ಅಕ್ಕಾ, ನಾನು ಒಳಗೆ ಬರ್ಲೇ ಇಲ್ಲ. ಒಂದಿನಾನೂ ಬರ್ಲಿಲ್ಲ."

"ಗೊತ್ತು ಕಣೋ. ಕಿಟಕಿಯಿಂದ ನೀನು ಕಾಣಿಸ್ತಿದ್ದೆ, ಅಮ್ಮನ ಚೀಲ ಹಿಡ್ಕೊಂಡು ನಿಂತಿರ್ತಿದ್ದೆ. ಸದ್ಯ, ನೀನಾದ್ರೂ ಇದನ್ನೆಲ್ಲ ನೋಡ್ತಿಲ್ವಲ್ಲ ಅಂತ ನನಗೆ ನೆಮ್ಮದಿ. ಏಳು, ಊಟ ಆರ್ತಿದೆ."

ಮೇಷ್ಟ್ರು ಮಗುವಿನ ಹಾಗೆ ಅತ್ತರು. ಆಮೇಲೆ ಡಬ್ಬಿಯಲ್ಲಿ ಒಂದಗುಳು ಬಿಡದೆ ಉಂಡರು. ಉಂಡವರೇ, ಅಷ್ಟೂ ಕಿರ್ರ್ ತೆಗೆಸಿ ಹಾಕಿದರು. ನಿರ್ದೇಶಕರು ಹೌಹಾರಿದರು — ಇಲ್ಲೇ ಇದ್ದಾರೆ, ಬೇಕಾದರೆ ಕೇಳಿ. ಥಿಯೇಟರಿನಲ್ಲಿ ಬಾಗಿಲು ಸದ್ದೇ ಇಲ್ಲದೆ ತೆರೆದುಕೊಂಡಾಗ ಜನ ಚೀರಿದ ಚೀರಾಟಕ್ಕೆ ನನ್ನ ಎದೆಯೇ ಧಸಕ್ಕಂತು. ಮೇಷ್ಟ್ರು ಪಕ್ಕದಲ್ಲಿದ್ದ ಅಕ್ಕನನ್ನು ತೋರಿಸಿ, "ಹೆದರಿಸಿದ್ದು ನಾನಲ್ಲಪ್ಪ, ಇವಳು" ಅಂತ ನಗುತ್ತಿದ್ದರು. ಅವರು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೊನ್ನೆ ಮೇಷ್ಟ್ರು ಹೋದ ಸುದ್ದಿ ಬಂದಾಗ ಅತ್ತುಬಿಟ್ಟೆ. ಆದರೆ ನಿಜ ಹೇಳುತ್ತೇನೆ — ಅಳುವಿನ ಹಿಂದೆಯೇ ನಿರಾಳವೂ ಆಯಿತು. ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳಿಯೇ ಹೋದರಲ್ಲ! ಆ ಡಬ್ಬಿ ಮರೆಯದೇ ಇದ್ದಿದ್ದರೆ ಏನು ಗತಿ ಅಂತ ಈಗಲೂ ಯೋಚಿಸುತ್ತೇನೆ.

ಇನ್ನು ಎರಡು ನಿಮಿಷದ ಮೌನ. ಇದರ ಬಗ್ಗೆ ಬೆಳಿಗ್ಗೆ ಅಕ್ಕನ ಹತ್ತಿರ ಮಾತಾಡಿದೆ. "ಅಲ್ಲಿ ದಿನಾ ತಲೆ ಎಣಿಸೋಕೆ ನಮ್ಮನ್ನ ಹಾಗೇ ನಿಲ್ಲಿಸೋರಪ್ಪ, ತುಟಿ ಬಿಚ್ಚೋ ಹಾಗಿರ್ಲಿಲ್ಲ. ನಾನು ನಿಲ್ಲಲ್ಲ" ಅಂದರು.

ಹಾಗಾಗಿ, ಬಂಧುಗಳೇ, ಸ್ನೇಹಿತರೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಕೆಮ್ಮು ಬಂದವರು ಕೆಮ್ಮಿ, ಅಳು ಬಂದವರು ಅಳಿ, ಯಾರೂ ತಡೆಯೋದಿಲ್ಲ.

ಅಕ್ಕಾ — ನೀವು ನಿಂತದ್ದು ಸಾಕು. ಕೂತಿರಿ.