ಹಾಸಿಗೆ ಬೇಕಾದ್ರೆ ಜಡೆ ಕೊಡು

ಅಲ್ಲ ಕಣೇ, ಹೇನು ಅಂದ ತಕ್ಷಣ ಮುಖ ಸಿಂಡರಿಸ್ತೀಯಲ್ಲ, ಅವನೂ ಹಂಗೇ ಮಾಡ್ದ, ಆ ಶೆಲ್ಟರ್ ಮ್ಯಾನೇಜರ್. ಇರು, ಮೊದಲಿಂದ ಹೇಳ್ತೀನಿ. ಕೋವಿಡ್ ಇಳೀತಾ ಇತ್ತು, ನಿಮ್ಮ ತಾತ ಹೋಗಿ ವರ್ಷ ಆಗಿತ್ತು, ಅಮೆರಿಕದ ಈ ರಾಲಿ ಊರಲ್ಲಿ ಮನೇಲಿ ಕೂತು ಕೂತು ತಲೆ ಕೆಟ್ಟು ನಾನು ಕೆಲಸಕ್ಕೆ ಸೇರ್ದೆ. ಅರವತ್ಮೂರಕ್ಕೆ ಮೊದಲ್ನೇ ಕೆಲಸ! ಔಟ್‌ರೀಚ್ ಅಂತ, ಬೀದೀಲಿ ಮಲಗೋರನ್ನ ನಾವೇ ಹುಡುಕ್ಕೊಂಡು ಹೋಗಿ ಸೂಪು, ಸಾಕ್ಸು ಕೊಟ್ಟು, ಒಪ್ಪಿದ್ರೆ ಶೆಲ್ಟರಿಗೆ ಸೇರ್ಸೋದು. ನಮ್ಮ ವ್ಯಾನು ಹೋಗ್ತಿದ್ದಿದ್ದು ಮೂಲನಿವಾಸಿಗಳ ಹತ್ರ, ನೇಟಿವ್ ಜನ. ಈ ನೆಲ ಎಲ್ಲಾ ಅವರದ್ದೇ ಆಗಿತ್ತು, ಗೊತ್ತಾ? ಈಗ ಒಂದು ಟೆಂಟ್ ಹಾಕಿದ್ರೂ ಪೊಲೀಸ್ರು ಬಂದು ಎಬ್ಬಿಸ್ತಾರೆ.

ಅಲ್ಲಿ ಡೋರಿಸ್ ಅಂತ ಒಬ್ಬಳು, ನನ್ನ ವಯಸ್ಸೇ, ಅಲ್ಲ, ಒಂದೆರಡು ವರ್ಷ ಚಿಕ್ಕೋಳು, ಸೊಂಟದವರೆಗೆ ಜಡೆ. ಕೆಮ್ಮು ಅಂದ್ರೆ ಕೆಮ್ಮು. ಆವತ್ತು ಐಸ್ ಬೀಳುತ್ತೆ ಅಂತ ವಾರ್ನಿಂಗ್ ಬೇರೆ. ಟೆಂಟಲ್ಲೇ ಬಿಟ್ರೆ ಉಳಿಯಲ್ಲ ಅಂತ ಶೆಲ್ಟರಿಗೆ ಕರ್ಕೊಂಡೋದ್ರೆ ಆ ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದು, "ಮ್ಯಾಮ್, ತಲೇಲಿ ಹೇನಿದೆ. ತಲೆ ಬೋಳಿಸಿದ್ರೆ ಬೆಡ್ಡು, ಇಲ್ದಿದ್ರೆ ಇಲ್ಲ. ಪಾಲಿಸಿ" ಅಂದ. ಅವಳು "ಆಗಲ್ಲ" ಅಂದ್ಲು. ನಾನೇನಂದೆ ಗೊತ್ತಾ? ಹೇಳಕ್ಕೆ ನಾಚಿಕೆ ಆಗುತ್ತೆ. "ಕತ್ತರಿಸ್ಕೊಳ್ಳಮ್ಮ, ಕೂದಲು ತಾನೆ, ಮತ್ತೆ ಬೆಳೆಯುತ್ತೆ" ಅಂದ್ಬಿಟ್ಟೆ. ಅವಳು ನನ್ನನ್ನೇ ನೋಡಿ, "ನಮ್ಮಲ್ಲಿ ಮನೆಯವರು ಸತ್ರೆ ಕತ್ತರಿಸ್ಕೊಳೋದು. ನಮ್ಮಜ್ಜೀನ ಬಿಳಿಯರ ಸ್ಕೂಲಿಗೆ ಎಳ್ಕೊಂಡೋಗಿ, ಹಿಡ್ಕೊಂಡು ಜಡೆ ಕತ್ತರಿಸಿದ್ರು. ನನಗೂ ಮಾಡ್ತೀಯಾ?" ಅಂತ ಹೊರಟೇಬಿಟ್ಲು, ಆ ಚಳೀಲಿ.

ನಂಗೆ ಥಟ್ಟಂತ ಊರು ನೆನಪಾಯ್ತು. ನಮ್ಮ ಸೋದರತ್ತೆ ಇದ್ಲು, ಹತ್ತೊಂಬತ್ತಕ್ಕೆ ಗಂಡ ಹೋದ, ಹಿತ್ತಲಲ್ಲಿ ಕೂರಿಸಿ ತಲೆ ಬೋಳಿಸಿದ್ರು. ನಾನು ಚಿಕ್ಕೋಳು, ಬಾಗಿಲು ಹಿಡ್ಕೊಂಡು ನೋಡಿದೀನಿ. ಅವತ್ತೂ ಎಲ್ರೂ ಪದ್ಧತಿ ಪದ್ಧತಿ ಅಂದ್ರು. ಅದನ್ನ ಕಣ್ಣಾರೆ ನೋಡಿದೋಳೇ ಹಿಂಗಂದ್ನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಹಿಂದೆ ಓಡಿದೆ. "ಡೋರಿಸ್, ತಪ್ಪಾಯ್ತು. ವ್ಯಾನಲ್ಲಿ ಕೂತ್ಕೋ, ಹೇನು ನಾನು ತೆಗೀತೀನಿ." ಅವಳು ಹತ್ತಿ ಕೂತ್ಲು. ದಾರೀಲಿ ಮನೆಗೆ ಹೋಗಿ ಸೀರಣಿಗೆ ತಗೊಂಡೆ, ಹೇನು ಬಾಚೋ ಸಣ್ಣ ಹಲ್ಲಿಂದು, ನಿಮ್ಮಮ್ಮನ ತಲೆ ಬಾಚಿದ್ದು, ಹೂಂ, ನಿಮ್ಮಮ್ಮಂದೇ, ನಗ್ಬೇಡ! ವ್ಯಾನಲ್ಲೇ ಕೊಬ್ಬರಿ ಎಣ್ಣೆ ಹಚ್ಚಿ, ಎಳೆ ಎಳೆ ಬಿಡಿಸಿ, ಮೂರು ಗಂಟೆ ಬಾಚ್ದೆ. ಹೇನೂ ಇಲ್ಲ, ಸೀರೂ ಇಲ್ಲ. ಜಡೆ ಹಾಕಿ ಕರ್ಕೊಂಡೋದೆ. ಅವನು ಟಾರ್ಚ್ ಬಿಟ್ಟು ನೋಡ್ದ, ಏನೂ ಸಿಗ್ಲಿಲ್ಲ. "ಆದ್ರೂ ಮ್ಯಾಮ್, ಪಾಲಿಸಿ..." ಅಂದ ನೋಡು! ಬಂತು ನಂಗೆ ಸಿಟ್ಟು. "ಹೇನು ಹೋಯ್ತಲ್ಲಪ್ಪ, ಇನ್ನೇನು ನಿಂಗೆ ಕಷ್ಟ? ನಿಮ್ಮಮ್ಮನ್ನೂ ಬೋಳಿಸೇ ಮಲಗಿಸ್ತೀಯಾ?" ಅಂತ ಈ ಮಂಡಿ ನೋವಲ್ಲೂ ಬಾಗಿಲಿಗೆ ಅಡ್ಡ ಕೂತ್ಬಿಟ್ಟೆ. ಇಂಗ್ಲಿಷ್ ಸಾಲದೆ ಕನ್ನಡದಲ್ಲೂ ಬೈದೆ. ಕೊಟ್ಟ, ಕೊನೆಗೆ ಕೊಟ್ಟ. ಡೋರಿಸ್ ಜಡೆ ಮುಂದಕ್ಕೆ ಹಾಕ್ಕೊಂಡು ಒಳಗೆ ಹೋದ್ಲು, ನಂಗೊಂದು ಥ್ಯಾಂಕ್ಸೂ ಹೇಳ್ಲಿಲ್ಲ. ಯಾಕೆ ಹೇಳ್ಬೇಕು? ಒಬ್ಬರಿಗೆ ಮಲಗಕ್ಕೆ ಜಾಗ ಕೊಡೋದಾದ್ರೆ ಸುಮ್ನೆ ಕೊಡು ಕಣೇ. ಅವರ ತಲೆ ಅವರದ್ದು.