ಉಪದೇಶಿಗಳ ಆಡು ತಿಂದ ಮದುವಿ ಹಾಸು

ಅಲ್ಲಾ, ಕಾಯೂದು ಅಂದ್ರ ಏನಂತ ನಿಮಗೇನ ಗೊತ್ತಪಾ, ಬಸ್ಸ ಹತ್ತ ಮಿನಿಟ ತಡಾ ಆದ್ರ ಹಲ್ಲ ಕಡೀತೀರಿ. ನಾ ಕಾಯ್ದೇನಿ, ನಾಕ ರವಿವಾರ. ಕ್ರಿಸ್ಮಸ್ಸಿನ ಮುಂದ ಬರತಾವಲ್ಲ, ಆಗಮನದ ರವಿವಾರ, ಆ ನಾಕ. ವಾರಕ್ಕೊಂದ ದೀಪಾ ಹಚ್ಚೂದು, ಸ್ವಾಮಿ ಬರತಾನ ಅಂತ ಹಾದಿ ನೋಡೂದು. ಚಲೋ ಪದ್ಧತಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಆಗಿನ ಕಾಲಕ್ಕ ಆ ನಾಕ ವಾರದಾಗ ನಮ್ಮ ಚರ್ಚಿನ್ಯಾಗ ಮದುವಿ ಮಾಡತಿದ್ದಿಲ್ಲ. ಬಾಜೂ ಮನಿ ರಾಮಣ್ಣ ಕೇಳತಿದ್ದ, "ಏನಲೇ ಸಮೇಲಾ, ನಮಗ ಧನುರ್ಮಾಸ ಇದ್ದಂಗ ನಿಮಗೂ ಒಂದ ಐತೇನ?" ಅಂತ. ಐತಪಾ, ಐತಿ. ನಮ್ಮದು ನಿಮ್ಮದಕ್ಕಿಂತ ಲಗೂ ಬರತೈತಿ ಅಂದ್ನಿ.

ನನಗ ಆಗ ಇಪ್ಪತ್ತೆರಡ, ಅಲ್ಲ, ಇಪ್ಪತ್ಮೂರ. ಕನ್ನಡ ನಾಡ ಒಂದಾತಲ್ಲ, ಆ ವರ್ಷ ಇರಬೇಕು, ಇಲ್ಲಾ ಅದರ ಮುಂದಿನ ವರ್ಷ. ಗಜೇಂದ್ರಗಡದಾಗ ನಮ್ಮದೊಂದ ಕುಣಿ ಮಗ್ಗ, ನಾನು, ನಮ್ಮವ್ವ ರೂತವ್ವ, ಇಷ್ಟ ನಮ್ಮ ಸಂಸಾರ. ರೋಣದಾಗ ದವಾಖಾನಿ ಕಂಪೌಂಡರ ದಾನಿಯೇಲಪ್ಪ ಅಂತ ಇದ್ರು, ಅವರ ಮಗಳು ಎಸ್ತೇರಗ ನನ್ನ ಗೊತ್ತ ಮಾಡಿದ್ರು. ಆಗಮನ ಸುರು ಆಗೂಕಿಂತ ಮೊದಲಿನ ಶನಿವಾರ ಮದುವಿ. ಆ ಶನಿವಾರ ತಪ್ಪಿತಂದ್ರ ಕ್ರಿಸ್ಮಸ್ ದಾಟೂಮಟಾ ಇಲ್ಲ. ನಮ್ಮವ್ವಂದೊಂದ ಹಟಾ ಬ್ಯಾರೆ, ಮದುವಿ ಸೀರಿ ನಮ್ಮ ಮಗ್ಗದಾಗ ಆಗಬೇಕು. "ನೇಕಾರರ ಮನಿ ಸೊಸಿ ಅಂಗಡಿ ಸೀರಿ ಉಟ್ಟ ಹೊಸಲಿ ದಾಟಿದ್ಲಂದ್ರ, ನನ್ನ ಆ ಮಗ್ಗದ ಕುಣ್ಯಾಗ ಇಟ್ಟ ಮಣ್ಣ ಮುಚ್ಚಿಬಿಡ್ರಿ" ಅಂತಿದ್ಲು. ನಾ ಏನ ಮಾಡ್ಲಿ, ಕುಣಿ ಒಂದ ಐತಿ, ಅದರಾಗ ನಾ ಕಾಲ ಬಿಟ್ಟ ನೇಯಬೇಕಲ್ಲ.

ಮಗ್ಗದ ಹಾಸಿಗೆ ಗಂಜಿ ಹಚ್ಚೂದ ನೀವ ನೋಡಿಲ್ಲ. ಸೀರಿ ಉದ್ದಕ್ಕ ಬರೂ ನೂಲಿಗೆ ಹಾಸ ಅಂತೀವಿ. ಅದನ್ನ ಓಣಿ ಉದ್ದಕ್ಕ ಗೂಟಾ ಬಡದ ಹಿಗ್ಗಿಸಿ ಕಟ್ಟಿ, ಜ್ವಾಳದ ಗಂಜಿ ಹಚ್ಚಿ ಬಿಸಲಿಗೆ ಒಣಗಸೂದು. ಗಂಜಿ ಹಚ್ಚಿದ ಹಾಸಿನ ಮುಂದ ಒಬ್ರು ಬಡಿಗಿ ಹಿಡದ ಕುಂದರಬೇಕು, ಅದು ನಮ್ಮ ಅಪ್ಪ ಅಜ್ಜರ ಕಾಲದ ನೇಮ. ಯಾಕಂದ್ರ ಜ್ವಾಳದ ಗಂಜಿ ಅಂದ್ರ ಆಡಿಗೆ ಹಬ್ಬದ ಊಟ. ನನಗೋ ಅವಸರ, ಮದುವಿ ಅವಸರ ಅಂದ್ರ ಗೊತ್ತಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ರೋಣದ ಬಸ್ಸಿನ ಡ್ರಾಯವ್ಹರ ಕೈಯಾಗ "ಸೀರಿ ಶನಿವಾರದೊಳಗ ತಯಾರ" ಅಂತ ಮಾತ ಕಳಸಬೇಕಾಗಿತ್ತು. ಯಾರೂ ಕೇಳಿದ್ದಿಲ್ಲ ಬಿಡು, ನನಗ ಹೇಳಬೇಕಾಗಿತ್ತು. ಅಷ್ಟ ಹೊತ್ತಿಗೆ ನಮ್ಮ ಚರ್ಚಿನ ಉಪದೇಶಿಗಳು ಬಂದ್ರು. ಭಾಳ ದೊಡ್ಡ ಮನಸಿನ ಮನಶ್ಯಾ. "ನೀ ಹೋಗಿ ಬಾರಪಾ ಸಮೇಲಾ, ನಾ ಕುಂದರತೇನಿ" ಅಂದ್ರು. ಬಡಿಗಿ ಕೊಟ್ಟ ಹೋದ್ನಿ.

ತಿರಿಗಿ ಬರೂದರಾಗ ಉಪದೇಶಿಗಳು ಕಟ್ಟಿ ಮ್ಯಾಲ ಕೂತ, ಕಣ್ಣ ಮುಚ್ಚಿ, ಕೈ ಜೋಡಿಸಿ ನನ್ನ ಮದುವಿ ಸಲುವಾಗೇ ಪ್ರಾರ್ಥನಾ ಮಾಡಾಕತ್ತಿದ್ರು. ಅವರ ಮುಂದ ಒಂದ ಆಡು, ಅದೂ ಕಣ್ಣ ಮುಚ್ಚಿ, ನನ್ನ ಹಾಸ ಅಗಿಯಾಕತ್ತಿತ್ತು. ಅರ್ಧಾ ಹಾಸ ಹೋಗಿತ್ತು. ಉಳಿದದ್ದು ಗಂಟ ಬಿದ್ದಿತ್ತು. ನಾ ಚೀರಿದ ಸಪ್ಪಳಕ್ಕ ಉಪದೇಶಿಗಳು "ಆಮೆನ್" ಅಂತ ಕಣ್ಣ ತಗದ್ರು. ಆಡ ಕಂಡ್ರು. ಮಾರಿ ಕಪ್ಪಿಟ್ಟಿತು. ಯಾಕಂದ್ರ ಆಡ ಅವರದ.

"ಸಮೇಲಾ, ದೇವರ ಯೋಜನೆ ನಾವ ಅನಕೊಂಡಂಗ ಇರೂದಿಲ್ಲಪಾ" ಅಂದ್ರು.

"ಯೋಜನೆ ದೇವರದ ಇರಲ್ರಿ, ಆಡ ನಿಮ್ಮದರಿ" ಅಂದ್ನಿ.

ಶನಿವಾರ ಹೋತು. ಆಗಮನ ಬಂತು. ಹೊಸಾ ನೂಲ ಸಿಗಾಕ ಹತ್ತ ದಿನಾ ಬೇಕಾತು, ಆಗ ನೂಲಂದ್ರ ಬಂಗಾರ. ಮೊದಲನೇ ದೀಪ ಹಚ್ಚಿದ್ರು, ಉಪದೇಶಿಗಳು "ಕರ್ತನಿಗಾಗಿ ಕಾಯ್ರಿ" ಅಂತ ಉಪದೇಶ ಮಾಡಿದ್ರು. ಎರಡನೇ ದೀಪಕ್ಕೂ ಅದ. ಚರ್ಚಿನ್ಯಾಗ ಅಷ್ಟೂ ಮಂದಿ ಹೊಳ್ಳಿ ನನ್ನ ಮಾರಿ ನೋಡತಿದ್ರು. ದೀಪ ಅಲ್ಲಿ ಹತ್ತತಿತ್ತು, ಉರಿ ನನ್ನ ಹೊಟ್ಯಾಗ. ನನ್ನ ಸಮಾಧಾನಕ್ಕಂತ ಕ್ರಿಸ್ಮಸ್ ನಾಟಕದಾಗ ಯೋಸೇಫನ ಪಾರ್ಟ ಕೊಟ್ರು. ಯೋಸೇಫಗ ಒಂದ ಮಾತಿಲ್ಲ, ತಿಳೀತಿಲ್ಲೊ? ಕೋಲ ಹಿಡದ ಸುಮ್ಮ ನಿಂದರೂದು. ಸುಮ್ಮ ನಿಂದರೂದ ನನಗ ರೂಢಿ ಆಗೇತಿ ಅಂತ ಕೊಟ್ಟಿರಬೇಕು. ಸಿಟ್ಟಿಗೆದ್ದ ಒಂದಿನ ಕೇಳೇಬಿಟ್ನಿ, "ಉಪದೇಶಿಗಳ, ನನ್ನ ಮದುವಿ ಊಟಕ್ಕ ಆ ಆಡ ಕೊಟ್ಟ ಬಿಡ್ರಿ" ಅಂತ. "ಅದು ಗಬ್ಬ ಐತಪಾ, ಅದೂ ದಿನಾ ಎಣಸಾಕತ್ತೈತಿ" ಅಂದ್ರು. ಅಂದ್ರ ನನಗ ಜೋಡಿ ಯಾರು? ಆಡು.

ಮೂರನೇ ದೀಪದ ಮರುದಿನ ಸುದ್ದಿ ಬಂತು, ರೋಣದಾಗ ಒಬ್ಬ ಸಾಲಿ ಮಾಸ್ತರು ಎಸ್ತೇರನ್ನ ಕೇಳ್ಯಾನಂತ. ಪಗಾರದ ಮನಶ್ಯಾ. ಅವನ ಪಗಾರ ಯಾವ ಆಡೂ ತಿನ್ನೂದಿಲ್ಲ. ನಾ ಅವತ್ತ ಉಣ್ಣಲಿಲ್ಲ. ನಮ್ಮವ್ವ "ದೇವರ ಮ್ಯಾಲ ಭಾರ ಹಾಕ" ಅಂದ್ಲು. "ಯವ್ವಾ, ಮೂರ ವಾರದಿಂದ ಹಾಕಾಕತ್ತೇನಿ, ಆತ ಒಂದಿನಾನೂ ಎತ್ತಿಕೊಂಡಂಗ ಕಾಣಲಿಲ್ಲ" ಅಂದ್ನಿ. ಪಾಪ, ಅಕಿ ಒಳಗ ಹೋಗಿ ಅತ್ಲು. ಅದೊಂದ ಮಾತ ನಾ ಆಡಬಾರದಾಗಿತ್ತು.

ಅಷ್ಟೊತ್ತಿಗೆ ಹೊಸಾ ಹಾಸ ತಯಾರಾಗಿತ್ತು. ಈಗ ಕೆಚ್ಚ ಹಚ್ಚೂದು, ಅಂದ್ರ ಮಗ್ಗದಾಗ ಹಿಂದಿನ ಸೀರೀದ ಉಳಿದ ಹಳೇ ಹಾಸಿನ ಒಂದೊಂದ ಎಳಿಗೆ ಹೊಸಾ ಹಾಸಿನ ಒಂದೊಂದ ಎಳಿ ಹೊಸೆದ ಕೂಡಸೂದು. ಸಾವಿರಗಟ್ಲೆ ಎಳಿ. ಎಳಿ ಆರಿಸಿ ಕೊಡಾಕ ಒಬ್ರು ಬೇಕು. ಅವ್ವಗ ಕಣ್ಣ ಮಂಜು. ಉಪದೇಶಿಗಳು ತಪ್ಪ ತುಂಬಿ ಕೊಡತೇನಿ ಅಂತ ತಾವ ಬಂದ ಕೂತ್ರು. ದೇವರೇ! ಸೀರಿ ಮೈ ಕರೇದು, ದಡಿ ಕೆಂಪು. ನಾ ಮೈಯಿಂದ ಕರೀ ಎಳಿ ಬೇಡಿದ್ರ ದಡೀದ ಕೆಂಪ ಕೊಡೂದು, ಒಂದ ಎಳಿ ಕೊಡೂದು, ಒಂದ ವಚನ ಹೇಳೂದು. ನಾಕ ದಿನಕ್ಕ ಅರ್ಧಾ ಸೈತ ಆಗಲಿಲ್ಲ.

ನಾಕನೇ ದೀಪಕ್ಕ ಎರಡ ದಿನಾ ಇತ್ತು. ದಾನಿಯೇಲಪ್ಪ ಬಂದ್ರು, ಹಿಂದ ಮಗಳು. ಚಾ ಬ್ಯಾಡ ಅಂದ್ರು. ಚಾ ಬ್ಯಾಡ ಅಂದ್ರ ಏನರ್ಥ ಅಂತ ನನಗ ತಿಳೀತು. "ರೂತವ್ವಾರ, ಹೆಣ್ಣ ಹಡದವರ ಪಾಡ ನಿಮಗ ಗೊತ್ತ. ಮದುವಿ ತಪ್ಪಿದ ಹೆಣ್ಣ ಅಂತ ಮಂದಿ ಆಡಾಕತ್ಯಾರ. ಮಾಸ್ತರು ಸಂಜೀಕ ಉತ್ತರಾ ಕೇಳ್ಯಾರ" ಅಂದ್ರು. ನಾ ಕುಣ್ಯಾಗ ಕಾಲ ಬಿಟಕೊಂಡ ಕೂತೇನಿ, ಯೋಸೇಫನಂಗ. ಉಪದೇಶಿಗಳು ಗಾಬರ್ಯಾಗಿ ಇನ್ನೊಂದ ಕೆಂಪ ಎಳಿ ಕರೇದರ ಬದಲಿ ಕೊಟ್ರು, ನಾ ಹಂಗ ಹೊಸೆದ ಬಿಟ್ನಿ.

ಎಸ್ತೇರ ಅದನ್ನ ನೋಡಿದ್ಲು. ಅಕಿ ತಾಯಿ ತವರಮನಿ ನೇಕಾರರು, ಬೆರಳಿಗೆ ಕೆಲಸ ಗೊತ್ತಿತ್ತು. ಸೆರಗ ಸಿಕ್ಕಿಸಿ ಸೀದಾ ಮಗ್ಗದ ಮುಂದ ಬಂದ್ಲು. "ಉಪದೇಶಿಗಳ, ನೀವ ಏಳ್ರಿ. ನಿಮ್ಮ ಕೈಯಾಗ ಬಿಟ್ರ ನನ್ನ ಮದುವಿ ಈಸ್ಟರ ಹಬ್ಬಕ್ಕ ಆಗತೈತಿ" ಅಂದ್ಲು.

ನನ್ನ ಮದುವಿ ಅಂದ್ಲು! ದಾನಿಯೇಲಪ್ಪ ಮಗಳ ನೋಡಿದ್ರು, ನನ್ನ ನೋಡಿದ್ರು, ಆಮ್ಯಾಲ ಟೊಪಗಿ ತಗದ ಗೂಟಕ್ಕ ಹಾಕಿ, "ರೂತವ್ವಾರ, ಆ ಚಾ ಇಟ್ಟ ಬಿಡ್ರಿ" ಅಂದ್ರು.

ಕ್ರಿಸ್ಮಸ್ ದಾಟಿ, ಹೊಸಾ ವರ್ಷ ಬರೂಕಿಂತ ಮೊದಲ ಮದುವಿ ಆತು. ಆ ಕರೀ ಸೀರ್ಯಾಗ ಒಂದ ಕೆಂಪ ಗೆರಿ ಈ ತುದಿಯಿಂದ ಆ ತುದಿಗೆ ಐತಿ, ನಿಮ್ಮ ಆಯಿ ಟ್ರಂಕಿನ್ಯಾಗ ಈಗೂ ಇಟ್ಟಾಳ. ಆಡು ಎರಡ ಮರಿ ಹಾಕ್ತು. ಒಳಗಿಂದ ಒದರಾಕತ್ಯಾಳ ನೋಡು, ಮೂರಂತ, ಮೂರಿರಲಿ. ಆ ಶನಿವಾರದಮಟಾ ಅಕಿ ಮಾರೀನ ನಾ ಸರಿಯಾಗಿ ನೋಡಿದ್ದಿಲ್ಲ, ಅವತ್ತ ಮದುವಿ ಆಗಿದ್ರ ಅವರಪ್ಪ ಕೊಟ್ಟದ್ದಕ್ಕ ಬರತಿದ್ಲು. ಕಾಯ್ದದ್ದಕ್ಕ ತಾನಾಗಿ ಬಂದ್ಲು. ಅದು ದೇವರದ ಕೆಲಸ, ನಾ ನಂಬತೇನಿ, ನೀವೂ ನಂಬ್ರಿ. ಆದ್ರ ಯಾರರೆ ಬಂದ "ಎಲ್ಲಾ ದೇವರ ಯೋಜನೆ" ಅಂದ್ರ, ಹೌದ್ರಿ ಅಂತ ಕೈ ಮುಗದ, ಆಡ ಯಾರದು ಅಂತ ಒಂದ ಮಾತ ಕೇಳ್ರಿ. ಏಳ್ರಿ, ರೊಟ್ಟಿ ಆರತಾವ.